ಆಸ್ಪತ್ರೆಯ ಮಂಚಕ್ಕೆ ದುಡ್ಡುಂಟು, ಮನೆಯ ಮಂಚಕ್ಕೆ?

ಪ್ರಶ್ನೆ: ನಮ್ಮದು ಕಾಪು ತಾಲೂಕಿನ ಒಂದು ಹಳ್ಳಿ. ಅಮ್ಮನಿಗೆ 73 ವರ್ಷ. ನಲವತ್ತು ವರ್ಷ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಎರಡು ವರ್ಷದ ಹಿಂದೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಎಂದು ಡಾಕ್ಟರ್ ಹೇಳಿದರು. ಈಗ ಒಮ್ಮೊಮ್ಮೆ ನನ್ನನ್ನೇ ತನ್ನ ಅಕ್ಕ ಅಂದುಕೊಳ್ಳುತ್ತಾರೆ. ಸಂಜೆಯಾದರೆ ಮನೆಗೆ ಹೋಗಬೇಕು ಎಂದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಉಳಿದ ಹೊತ್ತು ಸೆರಗಿನ ತುದಿಯನ್ನು ಬೀಡಿ ಸುತ್ತಿದ ಹಾಗೆ ಸುತ್ತುತ್ತಾ ಕೂತಿರುತ್ತಾರೆ. ನಾನು ಸೊಸೈಟಿಯೊಂದಕ್ಕೆ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದೆ. ಒಂದೂವರೆ ವರ್ಷದಿಂದ ಬಿಟ್ಟಿದ್ದೇನೆ. ತಮ್ಮ ದುಬೈಯಿಂದ ಸ್ವಲ್ಪ ಕಳಿಸುತ್ತಾನೆ. ಹೋಂ ನರ್ಸ್ ಕೇಳಿದರೆ ತಿಂಗಳಿಗೆ 24,000 ಎಂದರು. ವಿದೇಶದಲ್ಲಿ ಮನೆಯಲ್ಲೇ ನೋಡಿಕೊಳ್ಳುವವರಿಗೆ ಸರ್ಕಾರ ಹಣ ಕೊಡುತ್ತದಂತೆ. ನಮ್ಮಲ್ಲಿ ಏನೂ ಇಲ್ಲವಾ? ಪಂಚಾಯತಿ ಮೆಂಬರ್ "ಅಂಥ ಸ್ಕೀಮ್ ಇಲ್ಲ ಅಕ್ಕ" ಎಂದುಬಿಟ್ಟರು. ನಮ್ಮ ಊರಿನಲ್ಲೇ ಇಂಥ ಇನ್ನೂ ಮೂರು ಮನೆಗಳಿವೆ. ಹಗಲು ಹೊತ್ತು ಇವರನ್ನೆಲ್ಲ ನೋಡಿಕೊಳ್ಳುವ ಒಂದು ಜಾಗ ಮಾಡಿದರೆ ಸರ್ಕಾರದ ದುಡ್ಡು ಬರುತ್ತದಾ?

ಉತ್ತರ: ಮೆಂಬರ್ ಹೇಳಿದ್ದು ಅರ್ಧ ನಿಜ. ಡಿಮೆನ್ಶಿಯಾ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದೀರಿ, ತಗೊಳ್ಳಿ ಎಂದು ತಿಂಗಳು ತಿಂಗಳು ಹಣ ಹಾಕುವ ಯೋಜನೆ ಕರ್ನಾಟಕದಲ್ಲಿ ಇಲ್ಲ. ಆದರೆ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಕಚೇರಿಯಲ್ಲಿ ಸ್ವಲ್ಪ ಸ್ವಲ್ಪ ಸಿಗುತ್ತದೆ. ಯಾವುದೂ ತಾನಾಗಿ ಬರುವುದಿಲ್ಲ, ಕಾಗದ ಹಿಡಿದುಕೊಂಡು ಹೋಗಿ ಕೇಳಬೇಕು. ನಾನು ಈ ಕರಾವಳಿಯಲ್ಲಿ ಇಂಥ ಮನೆಗಳಿಗೆ ಓಡಾಡುತ್ತಾ ಬಂದ ಸಮಾಜ ಕಾರ್ಯಕರ್ತ. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ.

ನಮ್ಮಲ್ಲಿ ಸರ್ಕಾರದ ದುಡ್ಡು ಆಸ್ಪತ್ರೆಯ ಮಂಚಕ್ಕೆ ಬರುತ್ತದೆ, ಮನೆಯ ಮಂಚಕ್ಕೆ ಬರುವುದಿಲ್ಲ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ನಿಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಆ ಕಾರ್ಡ್ ಕೆಲಸಕ್ಕೆ ಬರುತ್ತದೆ. ಅವರು ಬೀಳಬಾರದು ಅಂತ ನೀವು ರಾತ್ರಿ ಮೂರು ಸಲ ಎದ್ದು ಕೈಹಿಡಿದು ಕರಕೊಂಡು ಹೋಗುತ್ತೀರಲ್ಲ, ಅದಕ್ಕೆ ಯಾವ ಕಾರ್ಡೂ ಇಲ್ಲ. ಡಿಮೆನ್ಶಿಯಾದಲ್ಲಿ ಖರ್ಚು ಇರುವುದೇ ಅಲ್ಲಿ. ಮಾತ್ರೆಗಳು ಅಷ್ಟು ದುಬಾರಿ ಅಲ್ಲ. ಡೊನೆಪೆಜಿಲ್‌ನಂಥವು ಜೆನೆರಿಕ್ ಆಗಿ ಸಿಗುತ್ತವೆ. ದುಬಾರಿ ಎಂದರೆ ಆಳು. ಹಗಲೂ ರಾತ್ರಿ ಕಣ್ಣಿಟ್ಟಿರುವ ಒಬ್ಬರು ಬೇಕು. ನಿಮ್ಮ ಮನೆಯಲ್ಲಿ ಅದು ನೀವು. ಕೈಬಿಟ್ಟು ಹೋದ ನಿಮ್ಮ ಪಿಗ್ಮಿ ಕಮಿಷನ್ ಉಂಟಲ್ಲ, ಅದೇ ಈ ಕಾಯಿಲೆಯ ಬಿಲ್.

ವಿದೇಶದ ವಿಷಯ ಕೇಳಿದ್ದೀರಿ. ಜರ್ಮನಿಯಲ್ಲಿ 1995ರಿಂದ ಆರೈಕೆಗೆಂದೇ ಕಡ್ಡಾಯ ವಿಮೆ ಉಂಟು. ಮನೆಯವರೇ ನೋಡಿಕೊಂಡರೆ ಅದರಿಂದ ನಗದು ಸಿಗುತ್ತದೆ. ಜಪಾನ್ 2000ದಲ್ಲಿ ಶುರು ಮಾಡಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಆದರೆ ಅಲ್ಲಿ ಮನೆಯವರ ಕೈಗೆ ನಗದು ಇಲ್ಲ. ಮನೆಗೆ ಬರುವ ಸಹಾಯಕಿ, ಹಗಲು ಆರೈಕೆ ಕೇಂದ್ರ, ಹೀಗೆ ಸೇವೆ ಮಾತ್ರ. ದುಡ್ಡು ಕೊಟ್ಟರೆ ಸೊಸೆಯನ್ನೋ ಮಗಳನ್ನೋ ಮನೆಯಲ್ಲೇ ಕಟ್ಟಿಹಾಕಿದ ಹಾಗಾಗುತ್ತದೆ ಎಂದು ಅಲ್ಲಿನ ಹೆಂಗಸರೇ ವಾದ ಮಾಡಿದ್ದರು. ನನಗೂ ಆ ವಾದ ಸರಿ ಕಾಣುತ್ತದೆ. ತಿಂಗಳಿಗೆ ಸಾವಿರ ರೂಪಾಯಿ ಕೈಗಿಟ್ಟು "ಇನ್ನು ನೀವೇ ನೋಡಿಕೊಳ್ಳಿ" ಎಂದರೆ ನಿಮಗೆ ಏನು ಸಿಕ್ಕಿತು? ವಾರಕ್ಕೆ ಮೂರು ದಿನ ನಾಲ್ಕು ಗಂಟೆ ಬಿಡುವು ಸಿಕ್ಕರೆ ನೀವು ಬ್ಯಾಂಕಿಗೆ ಹೋಗಬಹುದು, ಮದುವೆಯೊಂದಕ್ಕೆ ಹೋಗಿ ಊಟ ಮಾಡಿ ಬರಬಹುದು, ಸುಮ್ನೆ ಮಲಗಬಹುದು.

ಅಷ್ಟು ದೂರ ಯಾಕೆ, ತಲಪಾಡಿ ಗಡಿ ದಾಟಿದರೆ ಕೇರಳ. ಅಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಯೋಜನೆ ಉಂಟು, ತಿಂಗಳಿಗೆ 600 ರೂಪಾಯಿ. ಅದೂ ಬಾಕಿ ಉಳಿಯುತ್ತದೆ ಎಂಬ ದೂರು ಇದ್ದೇ ಇದೆ. ನನಗೆ ಹೊಟ್ಟೆಕಿಚ್ಚು ಬರುವುದು ಆ 600ಕ್ಕಲ್ಲ, ಅಲ್ಲಿನ ನರ್ಸಿಗೆ. 2008ರಲ್ಲಿ ಕೇರಳ ಪಾಲಿಯೇಟಿವ್ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ ನೀತಿ ಮಾಡಿತು. ದೇಶದಲ್ಲಿ ಅದೇ ಮೊದಲು. ಅದರಿಂದಾಗಿ ಪಂಚಾಯತಿಗಳು ತಮ್ಮ ಹಣದಲ್ಲಿ ನರ್ಸ್ ಇಟ್ಟುಕೊಂಡು ಮನೆಮನೆಗೆ ಕಳಿಸುತ್ತವೆ. ಮಂಜೇಶ್ವರದ ಕಡೆಯ ಸಂಬಂಧಿಕರು ಯಾರಾದರೂ ಇದ್ದರೆ ಕೇಳಿ ನೋಡಿ.

ಕರ್ನಾಟಕವೂ ಆರೈಕೆ ಮಾಡುವವರ ಕಡೆ ಒಮ್ಮೆ ತಿರುಗಿ ನೋಡಿತು. 2024-25ರ ಬಜೆಟ್‌ನಲ್ಲಿ ತಿಂಗಳಿಗೆ 1,000 ರೂಪಾಯಿಯ ಆರೈಕೆದಾರರ ಭತ್ಯೆ ಘೋಷಣೆಯಾಯಿತು. ಪಟ್ಟಿಯಲ್ಲಿದ್ದದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಡಿಮೆನ್ಶಿಯಾ ಇರಲಿಲ್ಲ. ನಿಮ್ಮ ಊರಿನ ಆ ಮೂರು ಮನೆಗಳಲ್ಲಿ ಯಾರಿಗಾದರೂ ಮೊದಲು ಕೈ ನಡುಕ ಶುರುವಾಗಿ, ಪಾರ್ಕಿನ್ಸನ್ ಎಂದಾಗಿ, ಆಮೇಲೆ ಮರೆವು ಬಂದದ್ದಾ? ಹಾಗಿದ್ದರೆ ಅವರು ಇದಕ್ಕೆ ಅರ್ಜಿ ಹಾಕಿ ನೋಡಬೇಕು. ನಿಮ್ಮ ಅಮ್ಮನಂಥವರನ್ನೂ ಸೇರಿಸಿ ಎಂದು ಕೇಳುವುದು ದೊಡ್ಡ ಬೇಡಿಕೆ ಏನಲ್ಲ. ಇರುವ ಪಟ್ಟಿಗೆ ಒಂದು ಹೆಸರು ಸೇರಿಸುವುದು, ಅಷ್ಟೇ. ಶಾಸಕರಿಗೆ ಮನವಿ ಕೊಡುವಾಗ ಇದನ್ನೇ ಬರೆಯಿರಿ. "ಡಿಮೆನ್ಶಿಯಾಕ್ಕೆ ಏನಾದರೂ ಮಾಡಿ" ಎಂದು ಬರೆದರೆ ಅದು ಫೈಲಿನಲ್ಲೇ ಕೂರುತ್ತದೆ.

ಈಗ ನೀವು ಮೊದಲು ಮಾಡಬೇಕಾದ ಕೆಲಸ. ಅಮ್ಮನಿಗೆ ವಿಕಲಚೇತನರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ. ಇದನ್ನು ಹೇಳಿದ ಕೂಡಲೇ ಹೆಚ್ಚಿನವರ ಮುಖ ಸಣ್ಣದಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಮೆನ್ಶಿಯಾ ಎಂಬ ಬೇರೆ ಕಲಂ ಇಲ್ಲ, ಅದು ಮಾನಸಿಕ ಕಾಯಿಲೆಯ ಕೆಳಗೆ ಬರುತ್ತದೆ. "ನಮ್ಮ ಅಮ್ಮನಿಗೆ ಹುಚ್ಚಲ್ಲ ಮಾರಾಯ್ರೆ, ಪ್ರಾಯದ ಅರಳುಮರಳು" ಎಂದು ಎದ್ದು ಹೋದವರನ್ನು ನಾನು ನೋಡಿದ್ದೇನೆ. ಅವರ ನೋವು ಅರ್ಥವಾಗುತ್ತದೆ. ಆದರೆ ಕಾಯ್ದೆಯ ಮಟ್ಟಿಗೆ ಅದೊಂದು ಖಾನೆ, ಅಷ್ಟೇ. ಅದರಲ್ಲಿ ಟಿಕ್ ಬೀಳದಿದ್ದರೆ ಮುಂದಿನದು ಯಾವುದೂ ಇಲ್ಲ.

ಅರ್ಜಿ ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂದು ಒಬ್ಬರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯು ಎನ್ನುತ್ತಾರೆ. ಅರ್ಜಿ ತುಂಬುವುದು ಅವರ ಕೆಲಸವೇ. ಆಮೇಲೆ ತಪಾಸಣೆಗೆ ಕರೆಯುತ್ತಾರೆ, ಮನೋವೈದ್ಯರು ನೋಡುತ್ತಾರೆ. ಅವರು ತೂಗುವುದು ನಾಲ್ಕು ವಿಷಯ: ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಶೇ 40 ಅಥವಾ ಅದಕ್ಕಿಂತ ಮೇಲೆ ಬಂದರೆ ಕಾರ್ಡ್ ನಿಮ್ಮ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ನಾನೇ ಎಡವಿದ ಕಥೆ ಒಂದಿದೆ. ನಮ್ಮ ಅತ್ತೆಗೆ ಇದೇ ಕಾಯಿಲೆ. ತಪಾಸಣೆಗೆ ಕರಕೊಂಡು ಹೋದ ದಿನ ಬೆಳಿಗ್ಗೆ ಹೆಂಡತಿ ಅವರಿಗೆ ಒಳ್ಳೆ ಕಾಟನ್ ಸೀರೆ ಉಡಿಸಿ, ತಲೆ ಬಾಚಿ, ಮಲ್ಲಿಗೆ ಮುಡಿಸಿದ್ದಳು. ಒಳಗೆ ಹೋದ ಕೂಡಲೇ ಅತ್ತೆ ಕೈಮುಗಿದು "ಹೇಗಿದ್ದೀರಿ ಡಾಕ್ಟ್ರೇ, ಕಾಪಿ ಆಯ್ತಾ, ಮಕ್ಕಳು ಎಷ್ಟು" ಎಂದು ಕೇಳಿದರು. ಡಾಕ್ಟರಿಗೂ ನಗು ಬಂತು. ಹೆಸರು ಹೇಳಿದರು, ಊರು ಹೇಳಿದರು. ವಾರ ಕೇಳಿದ್ದಕ್ಕೆ "ನಿಮಗೆ ಗೊತ್ತಿಲ್ಲವಾ?" ಎಂದು ನಕ್ಕು ಜಾರಿಕೊಂಡರು. ಹತ್ತು ನಿಮಿಷದಲ್ಲಿ ಮುಗಿಯಿತು, ಶೇಕಡಾವಾರು 40ಕ್ಕೆ ಮುಟ್ಟಲಿಲ್ಲ. ಹಿಂದಿನ ರಾತ್ರಿ ಇದೇ ಅತ್ತೆ ಫ್ರಿಜ್ಜಿನ ಬಾಗಿಲು ತೆಗೆದು ಅದರ ಎದುರು ಮೂತ್ರ ಮಾಡಿದ್ದರು. ಅದನ್ನು ಅವರ ಮುಂದೆಯೇ ಹೇಳುವುದು ಹೇಗೆ ಎಂದು ನಾವು ಬಾಯಿ ಮುಚ್ಚಿ ಕೂತಿದ್ದೆವು. ಡಾಕ್ಟರದ್ದು ತಪ್ಪು ಎನ್ನಲಾರೆ. ಬೇರೆಯವರ ಎದುರು ಹತ್ತು ನಿಮಿಷ ಎಲ್ಲ ಸರಿ ಇರುವ ಹಾಗೆ ನಡೆದುಕೊಳ್ಳುವುದು ಈ ಕಾಯಿಲೆಯ ಗುಣ. ಬೇರೆ ಮನೆಯವರಿಗೆಲ್ಲ ಈ ಮಾತು ಹೇಳುತ್ತಿದ್ದವನು ನಾನು. ಸ್ವಂತ ಮನೆಯ ಹೊತ್ತಿಗೆ ಮರೆತುಬಿಟ್ಟೆ.

ಎರಡನೇ ಸಲ ಒಂದು ನೋಟ್ ಪುಸ್ತಕ ತೆಗೆದುಕೊಂಡು ಹೋದೆವು. ಹದಿನೈದು ದಿನದ್ದು ಬರೆದಿತ್ತು: ಸ್ನಾನ ಯಾರು ಮಾಡಿಸಿದರು, ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ಸಲ ಹೊರಗೆ ಹೊರಟರು, ಊಟ ಮಾಡಿದ್ದು ಮರೆತು ಮತ್ತೆ ಎಷ್ಟು ಸಲ ಕೇಳಿದರು. ಮೊಬೈಲಿನಲ್ಲಿ ಎರಡು ಸಣ್ಣ ವೀಡಿಯೊ. ಹೆಂಡತಿ ಅಮ್ಮನ ಜೊತೆ ಹೊರಗೆ ಕೂತಳು, ನಾನು ಒಳಗೆ ಹೋಗಿ ಮಾತಾಡಿದೆ. ಆಮೇಲೆ ಕಾರ್ಡ್ ಬಂತು. ನೀವೂ ಹಾಗೆಯೇ ಮಾಡಿ. ಹೋಗುವಾಗ ಸಂಬಂಧಿಕರನ್ನೋ ನೆರೆಮನೆಯವರನ್ನೋ ಜೊತೆಗೆ ಕರಕೊಳ್ಳಿ, ಒಬ್ಬರು ಅಮ್ಮನ ಹತ್ತಿರ ಇರಬೇಕಾಗುತ್ತದೆ.

ಕಾರ್ಡ್ ಬಂದರೆ ಏನು ಸಿಗುತ್ತದೆ? ಶೇ 75ಕ್ಕಿಂತ ಜಾಸ್ತಿ ಇದ್ದರೆ ಅಂಗವಿಕಲ ಮಾಸಾಶನ ವೃದ್ಧಾಪ್ಯದ ಮಾಸಾಶನಕ್ಕಿಂತ ಸ್ವಲ್ಪ ಹೆಚ್ಚು. ಅಮ್ಮನಿಗೆ ಈಗಾಗಲೇ ಸಂಧ್ಯಾ ಸುರಕ್ಷಾದ 1,200 ಬರುತ್ತಿದ್ದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ, ಯಾವುದು ಜಾಸ್ತಿಯೋ ಅದಕ್ಕೆ ಬದಲಿಸಲು ನಾಡಕಚೇರಿಯಲ್ಲಿ ಕೇಳಬೇಕು. ಆದಾಯ ಮಿತಿ ತೀರಾ ಕೆಳಗಿದೆ, ಅದನ್ನೂ ನೆನಪಿಡಿ. ದುಬೈಯ ಮಗನ ಹೆಸರು ಕೇಳಿದರೆ ಗ್ರಾಮ ಆಡಳಿತಾಧಿಕಾರಿ ಹುಬ್ಬು ಏರಿಸುತ್ತಾರೆ. ಇನ್ನು ಆದಾಯ ತೆರಿಗೆಯ 80ಡಿಡಿ, 80ಡಿಡಿಬಿ ಎಂದು ಆಡಿಟರ್‌ಗಳು ಹೇಳುವ ವಿನಾಯಿತಿಗಳು. 80ಡಿಡಿಬಿಯ ಕಾಯಿಲೆಗಳ ಪಟ್ಟಿಯಲ್ಲಿ ಡಿಮೆನ್ಶಿಯಾ ಇದೆ. ಆದರೆ ಅದು ಇಲ್ಲೇ ವಾಸ ಇದ್ದು, ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಮಗ ಮಗಳಿಗೆ. ನಿಮ್ಮ ತಮ್ಮನಿಗೆ ಆಗುವುದಿಲ್ಲ. ವಿಕಲಚೇತನರ ನಿರಾಮಯ ಆರೋಗ್ಯ ವಿಮೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಸುಮ್ನೆ ಓಡಾಡಬೇಡಿ. ಅದು ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗಿನದು, ಡಿಮೆನ್ಶಿಯಾ ಒಂದೇ ಇದ್ದರೆ ಅದರಲ್ಲಿ ಬರುವುದಿಲ್ಲ.

ಬೀಡಿ ಎಂದಿರಿ, ಆ ಮಾತಿಗೆ ಬರೋಣ. ಅಮ್ಮ ಬ್ರಾಂಚಿಗೆ ಬೀಡಿ ಕೊಡುತ್ತಿದ್ದಾಗ ಪಿಎಫ್ ಕಡಿತ ಆಗುತ್ತಿತ್ತಾ? ಹಳೆಯ ಟ್ರಂಕು, ದೇವರ ಕೋಣೆಯ ಡಬ್ಬ, ಎಲ್ಲ ಹುಡುಕಿ. ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಸಿಕ್ಕರೆ ಪಿಎಫ್ ಪಿಂಚಣಿಗೆ ಹಕ್ಕುಂಟು, 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000. ಪಿಂಚಣಿ ಈಗಾಗಲೇ ಬರುತ್ತಿದ್ದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ತಪ್ಪಿಸಬೇಡಿ. ರೇಷನ್ ಕಾರ್ಡಿನಲ್ಲಿ ಅಮ್ಮನೇ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿಯ 2,000 ಅವರ ಖಾತೆಗೆ ಬರುತ್ತಿರುತ್ತದೆ. ಸಹಿ ಮಾಡಲು ಇನ್ನೂ ಆಗುತ್ತದೆ ಎಂದಾದರೆ, ಇದೇ ತಿಂಗಳು ಬ್ಯಾಂಕಿಗೆ ಹೋಗಿ ಖಾತೆಗೆ ನಿಮ್ಮ ಹೆಸರು ಸೇರಿಸಿ. ಅಮ್ಮನಿಗೆ ಒಪ್ಪಿಗೆ ಇರಬೇಕು, ಏನು ಮಾಡುತ್ತಿದ್ದೇವೆ ಎಂದು ಅವರಿಗೆ ಗೊತ್ತಾಗಬೇಕು. ಸಹಿ ನಿಂತ ಮೇಲೆ ಇದು ಕೋರ್ಟಿನ ದಾರಿ ಹಿಡಿಯುತ್ತದೆ. ಆ ದಾರಿ ಉದ್ದ.

ಔಷಧಿ, ತಪಾಸಣೆಗೆ ಖಾಸಗಿಗೆ ಸುರಿಯುತ್ತಿದ್ದರೆ ಸ್ವಲ್ಪ ಉಳಿಸಬಹುದು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದವು. ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ, ಆಮೇಲೆ ಬೇರೆ ಜಿಲ್ಲೆಗಳಿಗೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಎನ್ನುತ್ತಾರೆ, ಅದರಲ್ಲಿ ಡಿಮೆನ್ಶಿಯಾವೂ ಸೇರಿದೆ. ನಿಮಗೆ ಉಡುಪಿಯ ಅಜ್ಜರಕಾಡು ಆಸ್ಪತ್ರೆ ಹತ್ತಿರ, ಮಂಗಳೂರಿನವರಿಗೆ ವೆನ್ಲಾಕ್. ಯಾವ ದಿನ ಯಾರು ನೋಡುತ್ತಾರೆ ಎಂದು ಮೊದಲು ಫೋನ್ ಮಾಡಿ ಹೋಗಿ. ಅಮ್ಮನನ್ನು ಕೂರಿಸಿಕೊಂಡು ಮೂರು ಗಂಟೆ ಕ್ಯೂ ನಿಲ್ಲುವುದು ನಿಮಗೆ ಆಗದು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಹಗಲು ನೋಡಿಕೊಳ್ಳುವ ಜಾಗ.

ಸರ್ಕಾರದ ದುಡ್ಡಿನಲ್ಲಿ ಹಳ್ಳಿಯಲ್ಲಿ ಡೇ ಕೇರ್ ಎಲ್ಲಿ ನಡೆಯುತ್ತದೆ ಎಂದು ಮೆಂಬರ್ ಕೇಳಿದರೆ ಕೊಕ್ಕಡ ಎನ್ನಿ. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮತ್ತು ಅದರಾಚೆಯ ಕೊಯಿಲ, ಎರಡು ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದವರಿಗೆ ಡೇ ಕೇರ್ ಕೇಂದ್ರ ನಡೆದಿದೆ. ಸರ್ಕಾರದ ಗೇರು ತೋಟಗಳಿಗೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳ ಸ್ಥಿತಿ ನೋಡಿ ಊರವರು ಬೀದಿಗೆ ಇಳಿದರು, ವಿಷಯ ಹೈಕೋರ್ಟಿಗೆ ಹೋಯಿತು. ಆಮೇಲೆ ಮಾಸಾಶನ, ಡೇ ಕೇರ್ ಎಲ್ಲ ಬಂತು. ಆ ಮನೆಗಳ ತಾಯಂದಿರ ಸ್ಥಿತಿಯೂ ನಿಮ್ಮದೇ. ಮಗುವಿಗೆ ಇಪ್ಪತ್ತೈದು ವರ್ಷ ಆದರೂ ತಾಯಿ ಹೊಸಿಲು ದಾಟುವ ಹಾಗಿಲ್ಲ. ಅಂದರೆ ಹಳ್ಳಿಯಲ್ಲಿ ಇಂಥ ಕೇಂದ್ರ ನಡೆಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆ ಅಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಸರ್ಕಾರದ್ದೇ ತಪ್ಪಿತ್ತು, ಕೈ ಎತ್ತಲು ಆಗಲಿಲ್ಲ. ಮರೆವಿಗೆ ಯಾರನ್ನು ಬೈಯುವುದು?

ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಅಲ್ಝೈಮರ್ಸ್, ಡಿಮೆನ್ಶಿಯಾ ಇರುವ ಹಿರಿಯರ ಆರೈಕೆ ಮನೆಗೆ ಅನುದಾನ ಉಂಟು. ಆದರೆ ಅದು ನೋಂದಾಯಿತ ಸಂಸ್ಥೆಗಳಿಗೆ, ಕನಿಷ್ಠ 20 ಜನ ಅಲ್ಲೇ ಉಳಿದುಕೊಳ್ಳಬೇಕು. ನಿಮ್ಮ ನಾಲ್ಕು ಮನೆಗೆ ಅದು ಆನೆ ಸಾಕಿದ ಹಾಗೆ. ಅದರ ಹಿಂದೆ ಹೋಗಬೇಡಿ. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಹಗಲು ಯೋಗಕ್ಷೇಮ ಕೇಂದ್ರ ಎಂಬ ಹೆಸರು ಕೇಳುತ್ತೀರಿ. ಹೆಚ್ಚಾಗಿ ಅದು ಗಟ್ಟಿಯಾಗಿರುವ ಹಿರಿಯರು ಪೇಪರ್ ಓದಿ, ಕೇರಂ ಆಡಿ ಹೋಗುವ ಜಾಗ. ಗೇಟಿನ ಹತ್ತಿರ ಹೋಗಿ ನಿಲ್ಲುವ ನಿಮ್ಮ ಅಮ್ಮನಿಗೆ ಅಲ್ಲಿ ಯಾರು ಕಾವಲು?

ನನ್ನ ಸಲಹೆ ಪಂಚಾಯತಿಯಿಂದಲೇ ಶುರು ಮಾಡಿ ಎಂದು. ಗ್ರಾಮ ಪಂಚಾಯತಿ ತನ್ನ ಸ್ವಂತ ವರಮಾನದಲ್ಲಿ ಶೇ 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ಹೆಚ್ಚಿನ ಕಡೆ ವರ್ಷದ ಕೊನೆಗೆ ತರಾತುರಿಯಲ್ಲಿ ಏನಾದರೂ ಸಾಮಾನು ಹಂಚಿ ಮುಗಿಸುತ್ತಾರೆ. ನಾಲ್ಕೂ ಮನೆಯವರ ಕೈಯಲ್ಲಿ ಯುಡಿಐಡಿ ಕಾರ್ಡ್ ಇದ್ದರೆ ಆ ಹಣದ ಮೇಲೆ ನಿಮ್ಮದೂ ಮಾತು ನಡೆಯುತ್ತದೆ. ಕಾರ್ಡ್ ಮೊದಲು ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಗ್ರಾಮಸಭೆಗೆ ಹೋಗುವಾಗ ಲೆಕ್ಕ ಹಿಡಿದುಕೊಂಡು ಹೋಗಿ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಬಂದ ದೊಡ್ಡ ಅಧ್ಯಯನ ಹೇಳಿದೆ, ಒಟ್ಟು ಸುಮಾರು 88 ಲಕ್ಷ. ನಿಮ್ಮ ಪಂಚಾಯತಿಯಲ್ಲಿ 60 ದಾಟಿದವರು 800 ಮಂದಿ ಇದ್ದಾರೆ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಹತ್ತಿರ ಹತ್ತಿರ 60 ಜನ. ನಿಮಗೆ ಗೊತ್ತಿರುವುದು ನಾಲ್ಕು ಮನೆ. ಉಳಿದವರು ಬಾಗಿಲು ಹಾಕಿಕೊಂಡಿದ್ದಾರೆ.

ಕೇಳುವುದು ದೊಡ್ಡದೇನಲ್ಲ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಎರಡು. ಜಾಗಕ್ಕೆ ಭಜನಾ ಮಂದಿರದ ಹಾಲ್ ಹಗಲು ಖಾಲಿಯೇ ಇರುತ್ತದೆ, ಅಲ್ವಾ? ಗೇಟಿಗೆ ಚಿಲಕ, ಹತ್ತಿರದಲ್ಲೇ ಶೌಚಾಲಯ, ಜಾರದ ನೆಲ, ಇಷ್ಟು ನೋಡಿ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಒಂದು ಚಟ್ನಿ. ಇಬ್ಬರು ಹೆಂಗಸರಿಗೆ ಗೌರವಧನ. ಪಂಚಾಯತಿ ಹತ್ತಿರ ಕೇಳಬೇಕಾದ್ದು ಆ ಗೌರವಧನ ಮಾತ್ರ, ಅಥವಾ ಕರಕೊಂಡು ಬರುವ ರಿಕ್ಷಾ ಬಾಡಿಗೆ. ಟಿವಿ ಹಾಕಿ ಕೂರಿಸಬೇಡಿ. ನಿಮ್ಮ ಅಮ್ಮನ ಮಡಿಲಿಗೆ ಒಂದು ಗೆರಸೆ ಕೊಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಡಿ ಎಲೆ ಕೊಡಿ. ತಂಬಾಕು ಬೇಡ, ಕತ್ತರಿ ಬೇಡ. ಆ ಬೆರಳುಗಳಿಗೆ ಇನ್ನೂ ಎಲ್ಲ ನೆನಪಿದೆ. ಸೆರಗು ಸುತ್ತುತ್ತಾರೆ ಎಂದು ನೀವೇ ಬರೆದಿದ್ದೀರಲ್ಲ.

ಆ ಇಬ್ಬರು ಹೆಂಗಸರು ನರ್ಸ್ ಆಗಿರಬೇಕಿಲ್ಲ. ನಮ್ಮ ಹಾಗೇ ಕೊಂಕಣ ಕರಾವಳಿಯ ಗೋವಾದಲ್ಲಿ 81 ಮನೆಗಳ ಮೇಲೆ ಒಂದು ಅಧ್ಯಯನ ನಡೆದು 2008ರಲ್ಲಿ ಪ್ರಕಟವಾಯಿತು. ಸ್ವಲ್ಪ ತರಬೇತಿ ಕೊಟ್ಟ ಸಾಮಾನ್ಯ ಜನ ಮನೆಗೆ ಹೋಗಿ ಮಾತಾಡುತ್ತಿದ್ದರು. ಕಾಯಿಲೆ ಎಂದರೆ ಏನು, ಸಂಜೆ ಹೊತ್ತಿನ ಹಟಕ್ಕೆ ಏನು ಮಾಡುವುದು, ಯಾವಾಗ ಡಾಕ್ಟರಿಗೆ ತೋರಿಸುವುದು ಎಂದು ಹೇಳಿಕೊಡುತ್ತಿದ್ದರು. ಅವರ ಹಿಂದೆ ಒಬ್ಬರು ಮನೋವೈದ್ಯರು ಇದ್ದರು. ಆರು ತಿಂಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಭಾರ ಕಮ್ಮಿಯಾಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು, ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಗೇ ಬರುತ್ತಾನೆ. ಬ್ಯಾಂಕಿಗೆ ಬರಲಾಗದವರ ಮನೆಗೆ ಬ್ಯಾಂಕೇ ಹೋಗಬೇಕು ಎಂದು ಈ ಜಿಲ್ಲೆಯವರಿಗೆ ಸುಮಾರು ನೂರು ವರ್ಷದ ಹಿಂದೆಯೇ ಹೊಳೆದಿತ್ತು. ಆಸ್ಪತ್ರೆಯ ಮಟ್ಟಿಗೆ ಇನ್ನೂ ಹೊಳೆದಿಲ್ಲ.

ಇದೆಲ್ಲ ಕೂಡಿಬರಲು ಆರೆಂಟು ತಿಂಗಳು ಬೇಕು. ಅಷ್ಟರವರೆಗೆ ರಾತ್ರಿ ತಲೆ ಕೆಟ್ಟರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಾಯಿಲೆ ಅಮ್ಮನದು, ನಾನ್ಯಾಕೆ ಮಾಡಲಿ ಎಂದುಕೊಳ್ಳಬೇಡಿ. ಹಿರಿಯರಿಗೆ ಸಂಬಂಧಿಸಿದ ಪಿಂಚಣಿ, ಕಾನೂನಿನ ಪ್ರಶ್ನೆಗಳಿಗೆ 14567.

24,000ದ ಹೋಂ ನರ್ಸ್ ಈಗಲೇ ಬೇಡ ಎಂದು ನನ್ನ ಅಭಿಪ್ರಾಯ. ಅಮ್ಮ ನಡೆದಾಡುತ್ತಾರೆ, ಕೈಯಲ್ಲೇ ಊಟ ಮಾಡುತ್ತಾರೆ ಎಂದಾದರೆ ದಿನಕ್ಕೆ ಮೂರು ಗಂಟೆ ಜೊತೆಗೆ ಕೂರುವ ಪರಿಚಯದ ಹೆಂಗಸು ಸಾಕು. ಹಾಸಿಗೆ ಹಿಡಿದ ಮೇಲೆ ದೊಡ್ಡ ಖರ್ಚು ಹೇಗೂ ಬರುತ್ತದೆ. ತಮ್ಮ ಕಳಿಸುವ ಹಣದಲ್ಲಿ ಒಂದು ಪಾಲನ್ನು ಆ ಮೂರು ಗಂಟೆಗೆ ಎಂದು ಬೇರೆಯೇ ತೆಗೆದಿಡಿ, ಅದನ್ನು ಅವನಿಗೂ ಹೇಳಿ. ಆಮೇಲೆ ಸೊಸೈಟಿಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಹಳೆಯ ಲೈನನ್ನು ಇನ್ನೂ ಪೂರ್ತಿ ಬೇರೆಯವರಿಗೆ ಕೊಟ್ಟಿಲ್ಲದಿದ್ದರೆ, ಪೇಟೆಯ ಬದಿಯ ಅಂಗಡಿಗಳನ್ನಾದರೂ ನಿಮಗೆ ಬಿಡುತ್ತಾರಾ ಎಂದು ಕೇಳಿ.